ಬೀರುವಿನಲ್ಲಿಟ್ಟ ನಾಲ್ಕು ನುಸಿಗುಳಿಗೆ

ಪಲ್ಲವಿ, ಮಳವಳ್ಳಿಯ ಕಾಲೇಜಿನ ಲ್ಯಾಬಿಗೆ ನಿನಗೆ ಕೆಲಸದ ಆರ್ಡರು ಬಂದ ದಿನ ನೀನು ಕೇಳಿದೆ, "ಅಜ್ಜಿ, ನೀನೂ ಲ್ಯಾಬಲ್ಲೇ ಇದ್ದೆಯಲ್ಲ, ಏನು ಮಾಡ್ತಿದ್ದೆ ಅಲ್ಲಿ?" ಎಂದು. ನಾನು "ಗಾಜು ತೊಳೀತಿದ್ದೆ ಕಣಮ್ಮ" ಎಂದೆ. ನಿನ್ನ ತಮ್ಮ ನಕ್ಕ. ನಾನೂ ನಕ್ಕೆ. ಎದುರಿಗೆ ಕೂತವರಿಗೆ ನಾಲ್ಕು ಮಾತು ಜೋಡಿಸಿ ಹೇಳುವುದು ನನಗೆ ಯಾವತ್ತೂ ಬಂದದ್ದಲ್ಲ. ಬರೆಯುವುದು ಬರುತ್ತದೆ. ಬೆಸಗರಹಳ್ಳಿಯ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಕಾಪಿಪುಸ್ತಕ ಬರೆಯುವುದರಲ್ಲಿ ಅಲ್ಲಿ ನನ್ನದೇ ಮೊದಲು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಯಾವ ವರ್ಷ ಎಷ್ಟು ಸಂಬಳ ಏರಿತು ಎಂಬುದೆಲ್ಲ ಪಿಂಚಣಿ ಕಾಗದಗಳಲ್ಲಿದೆ, ಬೇಕಾದರೆ ಟ್ರಂಕಿನಲ್ಲಿ ನೋಡಿಕೊ. ನಾನು ಬರೆಯುವುದು ಕೆಲಸದ ವಿಚಾರ.

ಮಂಡ್ಯದ ಒಂದು ಕಾಲೇಜಿನಲ್ಲಿ ನಿಮ್ಮ ತಾತ ಲ್ಯಾಬ್ ಅಟೆಂಡರ್ ಆಗಿದ್ದರು. ಎಪ್ಪತ್ತರ ದಶಕ ಇನ್ನೂ ಅರ್ಧ ಕಳೆದಿರಲಿಲ್ಲ, ಕಾಮಾಲೆ ಬಂದು ತೀರಿಕೊಂಡರು. ನನಗಾಗ ಇಪ್ಪತ್ತಾರು, ನಿಮ್ಮಪ್ಪನಿಗೆ ಐದು. ಗಂಡನ ಜಾಗಕ್ಕೆ ಹೆಂಡತಿಯನ್ನು ತೆಗೆದುಕೊಳ್ಳುವ ಪದ್ಧತಿ ಇತ್ತು. ಹಾಗೆ ನನ್ನನ್ನೂ ತೆಗೆದುಕೊಂಡರು, ಆದರೆ ತಾತ್ಕಾಲಿಕವಾಗಿ. ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರು "ಈಕೆಗೆ ಕೆಲಸ ಬರುತ್ತದೆ" ಎಂದು ವರದಿ ಕೊಟ್ಟರೆ ಖಾಯಂ, ಇಲ್ಲದಿದ್ದರೆ ಮನೆಗೆ.

ಮನೆ ಮದ್ದೂರಿನಲ್ಲಿ, ನಮ್ಮತ್ತೆಯ ಜೊತೆ. ದಿನಾ ರೈಲಿನಲ್ಲಿ ಮಂಡ್ಯಕ್ಕೆ ಹೋಗಿ ಬರಬೇಕಿತ್ತು. ಮೊದಲ ದಿನ ಹೊಸಿಲಲ್ಲಿ ನಿಂತುಬಿಟ್ಟೆ, ಕಾಲು ಬರಲಿಲ್ಲ. ನಮ್ಮತ್ತೆ ಹಿಂದಿನಿಂದ ಬಂದು ಬುತ್ತಿ ಕೈಗಿಟ್ಟಳು. "ಓಗು. ಯಾರಾದ್ರೂ ಏನಾದ್ರೂ ಅಂದ್ರೆ ನಮ್ಮತ್ತೆ ಕಳಿಸವ್ಳೆ ಅನ್ನು. ಬಂದು ನನ್ನ ಕೇಳ್ಲಿ" ಎಂದಳು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೂ ನಾನು ಆ ಉತ್ತರ ಕೊಡುವವಳಲ್ಲ.

ಲ್ಯಾಬ್ ಚಿಕ್ಕಣ್ಣ ಮೇಷ್ಟ್ರ ಕೈಯಲ್ಲಿತ್ತು. ಮಳವಳ್ಳಿ ಕಡೆಯ ಬೇಸಾಯದ ಮನೆಯವರು, ಮೂವತ್ತು ದಾಟಿದ ವಯಸ್ಸು. ಕ್ಲಾಸಿನಲ್ಲಿ ಇಂಗ್ಲಿಷು, ಲ್ಯಾಬಿಗೆ ಬಂದರೆ ಅಪ್ಪಟ ಮಳವಳ್ಳಿ ಮಾತು. ಹುಡುಗರಿಗೆ ಪಾಠ ಮಾಡುತ್ತಲೇ ಡಾಕ್ಟರೇಟಿಗೂ ಓದುತ್ತಿದ್ದರು. ಮಾರ್ಗದರ್ಶಕ ಪ್ರೊಫೆಸರು ಬೆಂಗಳೂರಿನಲ್ಲಿ. ಲ್ಯಾಬಿನ ಮೂಲೆಗೊಂದು ಪರದೆ ಕಟ್ಟಿ, ಅದರ ಹಿಂದೆ ಮೇಷ್ಟ್ರು ತಮ್ಮ ಸ್ವಂತ ಪ್ರಯೋಗ ನಡೆಸುತ್ತಿದ್ದರು. ಸ್ಟೋರು ನೋಡಿಕೊಳ್ಳುತ್ತಿದ್ದವರು ಪುಟ್ಟಸ್ವಾಮಿ, ವಯಸ್ಸಾದವರು. ಎಲ್ಲರ ವಿಚಾರವೂ ಅವರಿಗೆ ಗೊತ್ತಿರುತ್ತಿತ್ತು. ಇವರಿಬ್ಬರ ನಡುವೆ ನಾನು.

ಮೊದಲ ವಾರವೇ ಒಂದು ಪೆದ್ದು ಕೆಲಸ ಮಾಡಿದೆ. ಮೇಷ್ಟ್ರು ಹನ್ನೆರಡು ಸಣ್ಣ ಗಾಜಿನ ತಗಡು ಕೊಟ್ಟು, "ಚೊಕ್ಕಟವಾಗಿ ತೊಳ್ಕೊಡು" ಎಂದರು. ಚೊಕ್ಕಟ ಎಂದರೆ ನಮಗೆ ಗೊತ್ತಿದ್ದದ್ದು ಒಂದೇ. ಬೂದಿ, ಹುಣಸೆಹಣ್ಣು, ತೆಂಗಿನ ನಾರು ತಂದು ಫಳಫಳ ಮಾಡಿ ಇಟ್ಟೆ. ಮೇಷ್ಟ್ರು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದೇನ್ ಕಣಮ್ಮ, ತಂಬಿಗೆ ಉಜ್ಜಿದಂಗೆ ಉಜ್ಜಿದ್ದೀಯ. ಗೀರು ನೋಡಿಲ್ಲಿ. ಕರೆಂಟು ಈ ಗೀರಲ್ಲೇ ಕಾಲುವೆ ತೋಡ್ಕಂಡು ಓಯ್ತದೆ."

ಆಮೇಲೆ ಅವರೇ ಕೂತು ಕಲಿಸಿದರು. ಗಾಜನ್ನು ಉಜ್ಜಬಾರದು, ನೆನೆಹಾಕಬೇಕು. ಅಂಚಲ್ಲಿ ಹಿಡಿಯಬೇಕು, ಮುಖಕ್ಕೆ ಬೆರಳು ತಾಕಬಾರದು. ತೊಳೆದ ಮೇಲೆ ಬಟ್ಟಿ ಇಳಿಸಿದ ನೀರಲ್ಲಿ ಅದ್ದಿ ನೇರ ಎತ್ತಬೇಕು. ನೀರು ಎಲ್ಲೂ ಹನಿ ಕಟ್ಟದೆ ಒಂದೇ ಪದರವಾಗಿ ಇಳಿದರೆ ಗಾಜು ಚೊಕ್ಕಟ. ಒಂದೇ ಒಂದು ಕಡೆ ಹನಿ ನಿಂತರೂ ಅಲ್ಲಿ ಜಿಡ್ಡಿದೆ ಎಂದರ್ಥ, ಮತ್ತೆ ಮೊದಲಿಂದ. ತಿಂಗಳೊಳಗೆ ನಾನು ತೊಳೆದ ಗಾಜನ್ನು ಮೇಷ್ಟ್ರು ಬೆಳಕಿಗೆ ಹಿಡಿಯುವುದನ್ನೇ ಬಿಟ್ಟರು. ಮಂಡ್ಯದಲ್ಲಿ ಗಾಜು ತೊಳೆಯಲು ನನಗಿಂತ ಚೆನ್ನಾಗಿ ಬಲ್ಲವರು ಆಗ ಯಾರೂ ಇರಲಿಲ್ಲ. ಇದನ್ನು ಸಂಕೋಚವಿಲ್ಲದೆ ಬರೆಯುತ್ತೇನೆ.

ಒಂದು ಅಭ್ಯಾಸ ಮಾತ್ರ ನೀನು ಕಲಿಯಬೇಡ. ಆಗ ನಾವು ಪುಡಿ ಕರಗಿಸುವ ಬೆನ್‌ಜೀನನ್ನು ಬರಿಗೈಯಲ್ಲೇ ಮುಟ್ಟುತ್ತಿದ್ದೆವು. ಬೆರಳಿಗಂಟಿದ ಬಣ್ಣ ಬಿಡಿಸಲು ಅದರಲ್ಲೇ ಕೈ ತೊಳೆಯುತ್ತಿದ್ದೆ. ಸಿಹಿ ವಾಸನೆ. ಅದು ಎಂಥ ವಿಷ ಎಂದು ಯಾರೂ ನಮಗೆ ಹೇಳಿರಲಿಲ್ಲ.

ಇನ್ನೊಂದು ಕೆಲಸ, ಹರಳು ಹುರಿಯುವುದು. ಪ್ರಯೋಗದ ಡಬ್ಬಿಯೊಳಗೆ ತೇವ ಬರಬಾರದೆಂದು ನೀಲಿ ಹರಳುಗಳನ್ನು ಇಡುತ್ತಿದ್ದರು. ಅವು ತೇವ ಕುಡಿದು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ, ಕಾಯಿಸಿದರೆ ಮತ್ತೆ ನೀಲಿ. ಮೇಷ್ಟ್ರು ಆತುರಕ್ಕೆ ಬೆಂಕಿ ಜೋರು ಮಾಡಿ ಎರಡು ಸಲ ಕರಕಲು ಮಾಡಿದರು. ನಾನು ಕಬ್ಬಿಣದ ಬಾಣಲೆಯಲ್ಲಿ ಮರಳು ಹಾಕಿ, ಸಣ್ಣ ಉರಿಯಲ್ಲಿ ಕಡಲೆಕಾಯಿ ಬೀಜ ಹುರಿದ ಹಾಗೆ ಕೈಯಾಡಿಸುತ್ತಾ ಹುರಿದೆ. ಒಂದೂ ಕೆಡಲಿಲ್ಲ. "ಇದು ಯಾವ ಪುಸ್ತಕದಲ್ಲೂ ಇಲ್ಲ ಕಣಮ್ಮ" ಎಂದರು ಮೇಷ್ಟ್ರು. ಪುಟ್ಟಸ್ವಾಮಿ ಸ್ಟೋರಿನ ಬಾಗಿಲಿಂದ, "ಉಪ್ಪು ಖಾರ ಹಾಕ್ಬುಡು ತಾಯಿ, ಸಂಜಿಕೆ ಎಲ್ರಿಗೂ ಆಯ್ತದೆ" ಎಂದರು.

ಈಗ ಪರದೆಯ ಹಿಂದೆ ಏನು ನಡೆಯುತ್ತಿತ್ತು ಎಂಬುದನ್ನು ಹೇಳಬೇಕು. ನಿನಗೆ ಗೊತ್ತಿರುವುದೇ, ಆದರೆ ನನಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ.

ಎರಡು ಪುಡಿ. ಒಂದು ನೀಲಿ, ಬಸ್ಸಿಗೆ ಬಳಿಯುವ ನೀಲಿ ಬಣ್ಣದ ಜಾತಿಯದು. ಇನ್ನೊಂದು ಹಳದಿ, ಕ್ಲೋರಾನಿಲ್ ಎಂದು ಹೆಸರು. ಎರಡೂ ತಾಮ್ರ ಕಬ್ಬಿಣದಂತೆ ಲೋಹವಲ್ಲ, ಇಂಗಾಲದಿಂದಾದವು. ಲೋಹದಂತೆ ಕರೆಂಟನ್ನು ಧಾರಾಳವಾಗಿ ಬಿಡುವುದಿಲ್ಲ, ಗಾಜಿನಂತೆ ಪೂರ್ತಿ ತಡೆಯುವುದೂ ಇಲ್ಲ. ಗಾಜಿನ ಮೇಲೆ ಬೆಳ್ಳಿ ಬಣ್ಣದ ಎರಡು ಗೆರೆ ಎಳೆದು, ನೀಲಿಯ ತೆಳು ಪದರ ಕೂರಿಸಿ, ಅದರ ಮೇಲೆ ಹಳದಿಯ ತೆಳು ಪದರ ಹಾಕಿ, ಎಷ್ಟು ಕರೆಂಟು ಹರಿಯುತ್ತದೆಂದು ನೋಡುವುದು. ನೀಲಿಯಲ್ಲಿ ಹರಿಯುವುದು ಅತಿ ಕಡಿಮೆ, ಹಳದಿಯಲ್ಲಿ ಇನ್ನೂ ಕಡಿಮೆ. ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ಮಾತ್ರ ಹೆಚ್ಚು.

ಅದು ಹೇಗೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಎಲ್ಲಿತ್ತು? ಮೇಷ್ಟ್ರೇ ಒಂದು ದಿನ ಹೇಳಿದರು.

"ನಿಮ್ಮೂರಲ್ಲಿ ಗದ್ದೆ ಅದೆ ತಾನೆ? ಮೇಲಿನ ಗದ್ದೇಲಿ ನೀರದೆ, ಕೆಳಗಿಂದು ಒಣಗದೆ. ತೂಬು ತೆಗೀದಿದ್ರೂ ಬದು ಹತ್ರ ಏನಾಯ್ತದೆ?"

"ಬಸೀತದೆ, ಮೇಷ್ಟ್ರೆ."

"ಅಷ್ಟೇಯ. ನೀಲಿ ಕೊಡೋದು, ಹಳದಿ ಈಸ್ಕಳದು. ಪೂರ್ತಿ ಗದ್ದೆಗೆ ಗದ್ದೆ ಬದಲಾಗಾಕಿಲ್ಲ. ಎರಡೂ ಒಂದಕ್ಕೊಂದು ತಾಕೋ ಜಾಗ ಅದೆಯಲ್ಲ, ಆ ಬದು ಮಾತ್ರ ಒದ್ದೆ. ನಾನು ಅಳೀತಿರೋದು ಆ ಒದ್ದೇನ."

ಕೊಡುವುದೂ ಈಸಿಕೊಳ್ಳುವುದೂ ನೀರಲ್ಲ, ವಿದ್ಯುತ್ತಿನ ಕಣ. ಅಷ್ಟು ತಿಳಿದ ಮೇಲೆ ನನಗೆ ಆ ಕೆಲಸ ಮಂತ್ರವಾಗಿ ಉಳಿಯಲಿಲ್ಲ. ನಿನ್ನ ತಮ್ಮನ ಮೊಬೈಲಿನ ಪರದೆಯಲ್ಲಿ ಇಂಥವೇ ಇಂಗಾಲದ ಪದರಗಳು ಒಂದರ ಮೇಲೊಂದು ಕೂತು ಬೆಳಕು ಕೊಡುತ್ತವೆ ಎಂದು ನೀನು ಮೊನ್ನೆ ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಬದು ಒದ್ದೆಯಾಗುವುದನ್ನು ನಾನು ಕಣ್ಣಲ್ಲೇ ನೋಡಿದ್ದೇನೆ.

ನೋಡುತ್ತಿದ್ದದ್ದು ಗ್ಯಾಲ್ವನೋಮೀಟರಿನಲ್ಲಿ. ಅದರೊಳಗೊಂದು ಕನ್ನಡಿ ಚೂರು, ಅದನ್ನು ಹಿಡಿದ ತಂತಿ ತಲೆಗೂದಲಿಗಿಂತ ಸಣ್ಣದು. ಕರೆಂಟು ಹರಿದರೆ ಕನ್ನಡಿ ತಿರುಗಿ, ಅದರಿಂದ ಬಿದ್ದ ಬೆಳಕಿನ ಚುಕ್ಕೆ ಅಳತೆಪಟ್ಟಿಯ ಮೇಲೆ ಸರಿಯುತ್ತದೆ. ಜಾಗ ಬದಲಿಸುವಾಗ ಕನ್ನಡಿ ಅಲುಗದಂತೆ ಬಿಗಿ ಹಾಕಲೇಬೇಕು, ಇಲ್ಲದಿದ್ದರೆ ಆ ತಂತಿ ಕಿತ್ತು ಹೋಗುತ್ತದೆ. ಫ್ಯಾನು ನಿಲ್ಲಿಸಿ, ಉಸಿರು ಹಿಡಿದು ಚುಕ್ಕೆ ನಿಂತ ಗೆರೆಯನ್ನು ಓದಬೇಕು. ನನ್ನ ಕಣ್ಣು ಚೆನ್ನಾಗಿತ್ತು, ಮಾತೂ ಕಡಿಮೆ. ಮೇಷ್ಟ್ರು ಓದುವ ಕೆಲಸವನ್ನು ನನಗೇ ಬಿಟ್ಟರು. ಈಗಿನ ಮೀಟರುಗಳು ಅಂಕಿಯನ್ನೇ ತೋರಿಸುತ್ತವೆ, ಕಣ್ಣಿಗೆ ಶ್ರಮವಿಲ್ಲ. ಆದರೆ ಚುಕ್ಕೆ ಸರಿಯುವಾಗ ಅದು ಸಲೀಸಾಗಿ ಸರಿಯಿತೋ ಅಳುಕುತ್ತಾ ಸರಿಯಿತೋ ಎಂಬುದು ನಮಗೆ ಕಾಣುತ್ತಿತ್ತು. ಅಂಕಿಯಲ್ಲಿ ಅದು ಕಾಣದು.

ಬೀರು ಪುಸ್ತಕದ ವಿಚಾರಕ್ಕೆ ಬರುತ್ತೇನೆ. ಲ್ಯಾಬಿನ ಮರದ ಬೀರುವಿಗೆ ಏನು ಇಟ್ಟರೂ, ಏನು ತೆಗೆದರೂ ಒಂದು ಪುಸ್ತಕದಲ್ಲಿ ಬರೆಯುವ ರೂಢಿ ಮಾಡಿದ್ದವರು ನಿಮ್ಮ ತಾತ. ಅದನ್ನು ನಾನು ಮುಂದುವರಿಸಿದೆ. "ಹರಳು ಹುರಿದದ್ದು. ನೀಲಿ ಹಳದಿ ತಗಡು ಆರು, ಮೇಲಿನ ಹಲಗೆ." ಹೀಗೆ ಕನ್ನಡದಲ್ಲೇ ಬರೆಯುತ್ತಿದ್ದೆ. ಬೀರುವಿನ ಕೆಳಗಿನ ಹಲಗೆಯಲ್ಲಿ ಹಳೆಯ ಪುಸ್ತಕಗಳು ಇದ್ದವು, ಎಲ್ಲವೂ ಅವರ ಕೈಬರಹ. ಗುಂಡಗೆ, ಸ್ವಲ್ಪ ಎಡಕ್ಕೆ ವಾಲಿದ ಅಕ್ಷರ.

ಒಂದು ದಿನ ತೆಗೆದು ನೋಡಿದರೆ ನುಸಿ ಹಿಡಿದಿತ್ತು. ಒಂದು ಪುಟದಲ್ಲಿ ಅವರ ಸಹಿಯ ಬಾಲವೇ ಇರಲಿಲ್ಲ. ಅವರದೊಂದು ಒಳ್ಳೆಯ ಫೋಟೋ ಕೂಡ ಮನೆಯಲ್ಲಿರಲಿಲ್ಲ ಪಲ್ಲವಿ, ಇದ್ದದ್ದು ಅಕ್ಷರ ಮಾತ್ರ. ನನ್ನ ಧಾರೆ ಸೀರೆಯನ್ನು ನಮ್ಮತ್ತೆ ನುಸಿಗುಳಿಗೆ, ಅಂದರೆ ನ್ಯಾಫ್ತಲೀನ್ ಗುಳಿಗೆ, ಹಾಕಿ ಟ್ರಂಕಿನಲ್ಲಿ ಎತ್ತಿಟ್ಟಿದ್ದಳು. ಆ ಟ್ರಂಕಿನಿಂದ ನಾಲ್ಕು ಗುಳಿಗೆ ತೆಗೆದು, ಹಳೆಯ ಬಟ್ಟೆಯಲ್ಲಿ ಸಣ್ಣ ಗಂಟು ಕಟ್ಟಿ ತಂದು, ಆ ಪುಸ್ತಕಗಳ ಹಿಂದೆ ಇಟ್ಟೆ.

ಬೀರು ಪುಸ್ತಕದಲ್ಲಿ ಅದನ್ನು ಬರೆಯಲಿಲ್ಲ. ಮರೆತದ್ದಲ್ಲ, ಬರೆಯಬೇಕು ಎಂದು ಹೊಳೆಯಲೇ ಇಲ್ಲ. ಪುಸ್ತಕ ಇದ್ದದ್ದು ಲ್ಯಾಬಿನ ಕೆಲಸಕ್ಕೆ. ಗುಳಿಗೆ ಇಡುವುದು ಮನೆಗೆಲಸ. ಮನೆಗೆಲಸವನ್ನು ಯಾರು ಬರೆದಿಡುತ್ತಾರೆ?

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಬೀರುವಿನಲ್ಲಿದ್ದ ತಗಡೊಂದನ್ನು ಅಳೆದಾಗ ಚುಕ್ಕೆ ಎಂದೂ ಹೋಗದಷ್ಟು ದೂರ ಹೋಯಿತು. ನಾನು ಓದಿದ್ದನ್ನು ಮೇಷ್ಟ್ರು ನಂಬದೆ ತಾವೇ ಬಂದು ನೋಡಿದರು. ಇನ್ನೊಂದು ತಗಡು, ಮತ್ತೊಂದು ತಗಡು. ಬೀರುವಿನಲ್ಲಿ ಹೆಚ್ಚು ದಿನ ಇದ್ದದ್ದರಲ್ಲಿ ಹೆಚ್ಚು ಕರೆಂಟು. ಹಳದಿಯ ಅಂಚಿನಲ್ಲಿ ಕೆಂಪು ಛಾಯೆ ಬೇರೆ.

"ಜಯಮ್ಮ, ಬಾ ಇಲ್ಲಿ. ಈ ಕೆಂಪು ನೋಡು. ನೀಲಿ ಹಳದಿ ಎರಡೂ ಒಂದಕ್ಕೊಂದು ಒಗ್ಗಿಕತಾ ಅವೆ. ದಿನ ಕಳ್ದಂಗೆ ಬದು ಅಗಲ ಆಯ್ತಾ ಅದೆ. ಇದನ್ನ ಯಾರೂ ನೋಡಿರಾಕಿಲ್ಲ ಕಣಮ್ಮ."

ಆವತ್ತು ಅವರು ಎಲ್ಲರಿಗೂ ಕಾಫಿ ತರಿಸಿದರು. ಬೆಂಗಳೂರಿಗೆ ಕಾಗದ ಬರೆದರು, ಒಂದು ಅಧ್ಯಾಯವನ್ನೇ ಬರೆದು ಕಳಿಸಿದರು. ದೀಪಾವಳಿ ಕಳೆದ ಮೇಲೆ ತಾನೇ ಬಂದು ನೋಡುತ್ತೇನೆಂದು ಪ್ರೊಫೆಸರು ಉತ್ತರ ಬರೆದರು.

ಪ್ರೊಫೆಸರು ಬರಲು ಮೂರು ವಾರ ಇದ್ದಾಗ, ಒಂದು ಶನಿವಾರ, ನಾನು ಬೀರು ಒರೆಸುತ್ತಿದ್ದೆ. ಕೆಳಗಿನ ಹಲಗೆಯ ಮೂಲೆಯಲ್ಲಿ ಒಂದು ತಗಡು ಸಿಕ್ಕಿತು. ಅಂಚು ಒಡೆದಿದೆ ಎಂದು ನಾನೇ ಹಿಂದೆ ಎತ್ತಿಟ್ಟದ್ದು. ಅದರ ಮೇಲಿದ್ದದ್ದು ಬರೀ ಹಳದಿ, ನೀಲಿ ಹಾಕಿರಲೇ ಇಲ್ಲ. ಆದರೂ ಅದು ಕೆಂಪಾಗಿತ್ತು. ಮೇಲಿದ್ದ ಎಲ್ಲ ತಗಡಿಗಿಂತ ಹೆಚ್ಚು ಕೆಂಪು. ಒಂದು ತುದಿ ಬಹಳ, ಇನ್ನೊಂದು ತುದಿ ಕಡಿಮೆ. ಬಹಳ ಕೆಂಪಾಗಿದ್ದ ತುದಿ ಆ ಬಟ್ಟೆಗಂಟಿನ ಕಡೆಗಿತ್ತು.

ಗಂಟು ಬಿಚ್ಚಿದೆ. ನೆಲ್ಲಿಕಾಯಿಯಷ್ಟಿದ್ದ ಗುಳಿಗೆಗಳು ಕಡಲೆಕಾಳಿನಷ್ಟಾಗಿದ್ದವು. ಟ್ರಂಕಿನಲ್ಲೂ ಹಾಗೇ, ವರ್ಷ ಕಳೆದರೆ ಗುಳಿಗೆ ಸವೆದಿರುತ್ತದೆ, ಸೀರೆ ಬಿಚ್ಚಿದರೆ ಮೊದಲು ಬರುವುದು ಅದರ ವಾಸನೆ. ಗುಳಿಗೆ ಎಲ್ಲಿಗೂ ಹೋಗಿಲ್ಲ, ಗಾಳಿಯಲ್ಲಿ ಸೀರೆಗೆ ಹೋಗಿದೆ. ಇಲ್ಲಿ ಹಳದಿಗೆ ಹೋಗಿದೆ. ಕೆಂಪು ಮಾಡಿದ್ದು ನೀಲಿಯಲ್ಲ, ನಾನು.

ಸ್ಟೋರಿಗೆ ಹೋಗಿ ಪುಟ್ಟಸ್ವಾಮಿಯವರಿಗೆ ಹೇಳಿದೆ. ಅವರು ಗಂಟನ್ನು ನೋಡಿ, ನನ್ನ ಮುಖ ನೋಡಿ, "ಇದ್ನ ತಕ್ಕಂಡೋಗಿ ನಿನ್ನ ಚೀಲಕ್ಕೆ ಹಾಕ್ಕ. ಬಾಯಿ ಬುಡಬ್ಯಾಡ. ನಿನ್ನ ರಿಪೋರ್ಟು ಇನ್ನೂ ಅವರ ಕೈಲೇ ಅದೆ ಕಣವ್ವ. ಗುಳ್ಗೆ ಓದ್ರೆ ವಾಸ್ನೇನೂ ಓಯ್ತದೆ, ಎಲ್ಲಾ ಸರೋಯ್ತದೆ" ಎಂದರು. ಅವರು ನನಗೆ ಒಳ್ಳೆಯದನ್ನೇ ಬಯಸಿದ್ದರು. ಗಂಟನ್ನು ಚೀಲಕ್ಕೆ ಹಾಕಿಕೊಂಡೆ, ಬೀರುವಿನ ಬಾಗಿಲು ತೆರೆದು ಗಾಳಿಯಾಡಿಸಿದೆ, ಮನೆಗೆ ಬಂದೆ.

ಗುಳಿಗೆ ಇಟ್ಟದ್ದು ಮೊದಲ ತಪ್ಪು. ಸುಮ್ಮನೆ ತೆಗೆದದ್ದು ಅದಕ್ಕಿಂತ ದೊಡ್ಡ ತಪ್ಪು.

ಸೋಮವಾರ ಮೇಷ್ಟ್ರು ಪ್ರೊಫೆಸರಿಗೆ ತೋರಿಸಲು ಹೊಸ ತಗಡು ಮಾಡಿ ಬೀರುವಿನಲ್ಲಿಟ್ಟರು. ಮಂಗಳವಾರ ಅಳೆದರೆ ಚುಕ್ಕೆ ದೂರ ಹೋಗದೆ ಹಳೆಯ ಜಾಗದಲ್ಲೇ. ಬುಧವಾರವೂ ಅಷ್ಟೇ. ಹಳೆಯ ತಗಡುಗಳ ಕೆಂಪೂ ಮಾಸುತ್ತಾ ಬಂತು. ಬೆನ್‌ಜೀನು ಕೆಟ್ಟಿದೆ ಎಂದು ಹೊಸ ಬಾಟಲಿ ತೆರೆದರು. ತಂತಿ ಬದಲಿಸಿದರು. ತಮ್ಮ ಕೈಯೇ ಸರಿಯಿಲ್ಲ ಎಂದರು. ಮಧ್ಯಾಹ್ನದ ಊಟ ಬಿಟ್ಟರು. ನಾನು ಪಕ್ಕದಲ್ಲೇ ನಿಂತು ಗಾಜು ತೊಳೆತೊಳೆದು ಕೊಡುತ್ತಿದ್ದೆ. ಒಂದೊಂದು ಗಾಜು ಕೊಡುವಾಗಲೂ ಈಗ ಹೇಳಬೇಕು ಎಂದುಕೊಂಡು ಮುಂದಿನ ಗಾಜು ಎತ್ತಿಕೊಳ್ಳುತ್ತಿದ್ದೆ.

ಶುಕ್ರವಾರ ಅವರು ಸ್ಟೂಲಿನ ಮೇಲೆ ಕೂತು ತಮಗೆ ತಾವೇ ಎಂಬಂತೆ ಹೇಳಿದರು. "ಬರ್ದು ಕಳ್ಸಾಗದೆ. ಬಂದು ತೋರ್ಸು ಅಂದ್ರೆ ಏನ್ ತೋರ್ಸಲಿ? ಅಂಕಿ ಹುಟ್ಟಿಸ್ಕಂಡು ಬರ್ದವ್ನೆ ಅಂತರೆ. ಮಳವಳ್ಳಿ ಗೌಡನ ಮಗ ಡಾಕ್ಟರ್ ಆಗಾಕೆ ಸುಳ್ಳು ಬರ್ದ ಅಂತರೆ."

ಆವತ್ತು ಸಂಜೆ ಮನೆಯಲ್ಲಿ ನಮ್ಮತ್ತೆ ಟ್ರಂಕು ತೆಗೆದಿದ್ದಳು. "ಇದರಾಗಿನ ಗುಳ್ಗೆ ಎಲ್ಲೋದೊ?" ಎಂದಳು. ನನಗೆ ಅಳು ಬಂತು. ಎಲ್ಲವನ್ನೂ ಹೇಳಿದೆ. ಮಗನ ಅಕ್ಷರಕ್ಕಾಗಿ ಎಂದಾಗ ಅವಳ ಮುಖ ಒಂದು ಕ್ಷಣ ಇಳಿಯಿತು. ಆಮೇಲೆ ಗಟ್ಟಿಯಾದಳು.

"ಗುಳ್ಗೆ ಮಡಗಿದ್ದು ಸರಿ. ನಾನಾಗಿದ್ರೂ ಮಡಗ್ತಿದ್ದೆ. ಆದ್ರೆ ಆ ಮೇಷ್ಟ್ರು ವಾರದಿಂದ ಅನ್ನ ಬುಟ್ಟು ಒದ್ದಾಡ್ತಾವ್ರೆ, ನೀನು ಇಲ್ಲಿ ಮುದ್ದೆ ಉಂಡ್ಕಂಡು ಕೂತಿದ್ದೀಯಲ್ಲ, ಗಂಟಲಲ್ಲಿ ಎಂಗಿಳೀತು?"

"ಕೆಲ್ಸ ಓದ್ರೆ, ಅತ್ತೆ?"

"ಓದ್ರೆ ಓಯ್ತು. ನಾಟಿಗೆ ಆಳು ಸಿಕ್ತಿಲ್ಲ, ಬಾ ಗದ್ದೆಗೆ."

ಶನಿವಾರ ಮೊದಲ ರೈಲಿಗೇ ಹೋದೆ. ಬೀರು ಪುಸ್ತಕ ತೆಗೆದು, ಹಿಂದಿನ ದಿನಗಳ ನಡುವೆ ತುರುಕದೆ, ಆ ದಿನದ ಜಾಗದಲ್ಲೇ ಬರೆದೆ. "ನುಸಿಗುಳಿಗೆ ನಾಲ್ಕು, ಕೆಳಗಿನ ಹಲಗೆ, ಹಳೆ ಪುಸ್ತಕದ ಹಿಂದೆ ಇಟ್ಟಿದ್ದೆ. ಆಗ ಬರೆದಿರಲಿಲ್ಲ." ಇಟ್ಟ ದಿನ, ತೆಗೆದ ದಿನ ಎರಡನ್ನೂ ಬರೆದೆ. ಮೇಷ್ಟ್ರ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟು, ಅದರ ಪಕ್ಕ ಒಡೆದ ತಗಡು, ಬಟ್ಟೆಗಂಟು ಇಟ್ಟು ಗೋಡೆಗೆ ಒರಗಿ ನಿಂತೆ.

ಮೇಷ್ಟ್ರು ಬಂದರು. ಓದಿದರು. ತಗಡನ್ನು ಕಿಟಕಿಗೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. ಗಂಟನ್ನು ಮೂಸಿದರು. ಅವರಿಗೆ ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ.

"ತೆಗ್ದಿದ್ದು ಓದ ಸನಿವಾರವಾ?"

"ಊ ಮೇಷ್ಟ್ರೆ."

"ಸೋಮವಾರದಿಂದ ನಾನು ಇಲ್ಲಿ ಉಚ್ಚನಂಗೆ ಆಡ್ತಿದ್ನಲ್ಲ. ನೀನು ಇಲ್ಲೇ ನಿಂತಿದ್ದೆ."

"ಊ ಮೇಷ್ಟ್ರೆ."

ಅವರು ಪುಸ್ತಕ ಮುಚ್ಚಿ ಹೊರಗೆ ಹೋದರು. ನಾನು ಆವತ್ತೇ ಲ್ಯಾಬಿನ ಬೀಗದ ಕೈಗಳನ್ನು ಒರೆಸಿ ಮೊಳೆಗೆ ಹಾಕಿ, ಇನ್ನು ಬರುವುದು ಬೇಡ ಎನ್ನುತ್ತಾರೆಂದೇ ಮನೆಗೆ ಬಂದೆ.

ಸೋಮವಾರ ಅವರು ಕೇಳಿದ್ದು ಒಂದೇ ಮಾತು. "ಮನೇಲಿ ಗುಳ್ಗೆ ಇನ್ನೂ ಅವಾ?"

ಇದ್ದವು. ನಮ್ಮತ್ತೆ ಟ್ರಂಕಿನಲ್ಲಿ ಉಳಿದಿದ್ದನ್ನೆಲ್ಲ ಕೊಟ್ಟು ಕಳಿಸಿದಳು. ಎರಡು ದೊಡ್ಡ ಗಾಜಿನ ಜಾಡಿಗಳನ್ನು ಬೋರಲು ಹಾಕಿದೆವು. ಒಂದರಡಿ ಗುಳಿಗೆ ಮತ್ತು ತಗಡುಗಳು, ಇನ್ನೊಂದರಡಿ ಬರೀ ತಗಡುಗಳು. ನೀಲಿ ಇರುವುದು, ಇಲ್ಲದ್ದು, ಎರಡೂ ಬಗೆ. ಬೀರುವಿನಲ್ಲೂ ಗಂಟನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಬೇರೆ ಬೇರೆ ದೂರದಲ್ಲಿ ತಗಡು ಇಟ್ಟೆವು. ದೂರವನ್ನು ನಾನು ಗೇಣು, ಬೆರಳಿನಲ್ಲಿ ಅಳೆದು ಬರೆದೆ. ಆ ದಿನಗಳಲ್ಲಿ ಮೇಷ್ಟ್ರು ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ನಾನು ಅದನ್ನೂ ಆಡಲಿಲ್ಲ, ತಲೆಯಾಡಿಸಿದೆ. ಗುಳಿಗೆ ಇದ್ದಲ್ಲೆಲ್ಲ ಕೆಂಪು. ಹತ್ತಿರವಿದ್ದಷ್ಟೂ ಹೆಚ್ಚು. ಗುಳಿಗೆ ಇಲ್ಲದ ಜಾಡಿಯಲ್ಲಿ ಹಳದಿ ಹಳದಿಯಾಗೇ ಇತ್ತು.

ಪ್ರೊಫೆಸರು ಬಂದರು. ಬಿಳಿ ಪಂಚೆ, ಕೋಟು, ತೆಳ್ಳಗಿನ ಮನುಷ್ಯ. ಮೇಷ್ಟ್ರು ಅವರನ್ನು ಕೂರಿಸಿ, ನೀರು ಕೊಟ್ಟು, ಮೊದಲ ಮಾತಿಗೇ "ಸಾರ್, ನಾನು ಬರೆದು ಕಳಿಸಿದ ಅಧ್ಯಾಯ ತಪ್ಪು" ಎಂದರು. ಎಲ್ಲವನ್ನೂ ಹೇಳಿ ಎರಡೂ ಜಾಡಿ ತೋರಿಸಿದರು. ಗುಳಿಗೆ ಯಾರು ಇಟ್ಟರು ಎಂದು ಮಾತ್ರ ಹೇಳಲಿಲ್ಲ, "ಬೀರುವಿನಲ್ಲಿತ್ತು" ಎಂದರು.

ಪ್ರೊಫೆಸರು ಎರಡೂ ಜಾಡಿಯ ತಗಡುಗಳನ್ನು ಬೆಳಕಿಗೆ ಹಿಡಿದು ನೋಡಿದರು. "ನುಸಿಗುಳಿಗೆಯೂ ಕೊಡುವ ಜಾತಿಯದೇ ಅಲ್ಲವೇ. ನಿಮ್ಮ ಹಳದಿ ಯಾರು ಕೊಟ್ಟರೂ ಈಸಿಕೊಳ್ಳುತ್ತದೆ. ಕೊಟ್ಟವರು ಒಬ್ಬರು, ನೀವು ಹೆಸರು ಬರೆದುಕೊಂಡದ್ದು ಇನ್ನೊಬ್ಬರದ್ದು" ಎಂದರು. ಆಮೇಲೆ, "ಆ ಅಧ್ಯಾಯ ನಿಲ್ಲುವುದಿಲ್ಲ ಚಿಕ್ಕಣ್ಣ. ಹಿಂದಿನ ಅಳತೆಗಳನ್ನೂ ಮತ್ತೆ ಮಾಡಬೇಕಾಗುತ್ತದೆ, ಬೀರುವಿನಲ್ಲಿ ಇನ್ನೇನಿತ್ತೋ" ಎಂದರು.

"ಇನ್ನೇನೂ ಇರಲಿಲ್ಲ ಸಾರ್. ಪುಸ್ತಕ ಅದೆ" ಎಂದು ಮೇಷ್ಟ್ರು ಬೀರು ಪುಸ್ತಕ ಕೊಟ್ಟರು.

ಪ್ರೊಫೆಸರು ಒಂದೊಂದು ಪುಟವನ್ನೂ ತಿರುವಿದರು. ನಾನು ತಡವಾಗಿ ಬರೆದ ಪುಟದಲ್ಲಿ ನಿಂತು, ಅದರ ಮುಂದಿನ ಅಳತೆಗಳನ್ನೂ ಓದಿದರು. "ಇದನ್ನು ಬರೆದವರು ಯಾರು? ಕರೆಯಿರಿ." ನಾನು ಪರದೆಯ ಪಕ್ಕವೇ ಇದ್ದೆ. ಸೆರಗು ಎಳೆದುಕೊಂಡು ಮುಂದೆ ಬಂದೆ.

"ಈ ತಗಡಿಗೂ ಗಂಟಿಗೂ ಒಂದು ಗೇಣು ನಾಲ್ಕು ಬೆರಳು ಎಂದು ಬರೆದಿದ್ದೀರಿ. ಯಾರ ಗೇಣು?"

"ನಂದೇ, ಸಾರ್."

"ಕೈ ಇಡಿ ಇಲ್ಲಿ." ಮೇಜಿನ ಮೇಲೆ ಸ್ಕೇಲು ಇಟ್ಟರು. ಗಂಡನಲ್ಲದ ಗಂಡಸಿನ ಮುಂದೆ ನಾನು ಹಾಗೆ ಕೈ ಚಾಚಿದ್ದು ಅದೇ ಮೊದಲು. ಬೆರಳನ್ನು ಅರ್ಧವೇ ಬಿಡಿಸಿದ್ದೆ. "ಪೂರ್ತಿ ಬಿಡಿಸಿ, ಇಲ್ಲದಿದ್ದರೆ ಅಳತೆ ತಪ್ಪುತ್ತೆ" ಎಂದು ನನ್ನ ಗೇಣನ್ನು ಅಳೆದು, ಪುಸ್ತಕದ ಅಂಚಿನಲ್ಲಿ ಸೆಂಟಿಮೀಟರಿನಲ್ಲಿ ಬರೆದುಕೊಂಡರು. "ಇವನ್ನು ಉಪಯೋಗಿಸಬಹುದು" ಎಂದರು. ಸ್ಟೋರಿನ ಬಾಗಿಲಲ್ಲಿ ಪುಟ್ಟಸ್ವಾಮಿ ಬಾಯಿ ತೆರೆದು ನಿಂತಿದ್ದರು.

ಪ್ರೊಫೆಸರು ಹೋದ ಮೇಲೆ ಆ ದಿನದ ಬರಹ ಬರೆಯಲು ಪುಸ್ತಕ ತೆಗೆದೆ. ನನ್ನ ತಡವಾದ ಬರಹದ ಕೆಳಗೆ ಮೇಷ್ಟ್ರ ಅಕ್ಷರದಲ್ಲಿ ಎರಡು ಸಾಲು ಇತ್ತು. "ಗುಳಿಗೆ ಇಟ್ಟದ್ದಕ್ಕೆ ಕಾರಣವಿತ್ತು. ತೆಗೆದದ್ದಕ್ಕೂ ಹೇಳಿದ್ದಕ್ಕೂ ನಡುವೆ ಏಳು ದಿನ ಇದೆ."

ಅಷ್ಟೇ. ಅದರ ಮೇಲೆ ಅವರು ಆ ವಿಚಾರ ಎತ್ತಲಿಲ್ಲ. ಮಾರನೇ ವಾರ ಎಲ್ಲಿಂದಲೋ ಒಂದು ತಗಡಿನ ಟ್ರಂಕು ತಂದು ಸ್ಟೋರಿನಲ್ಲಿ ಇಡಿಸಿ, "ನಿಮ್ಮೆಜಮಾನ್ರ ಪುಸ್ತಕ ಇದ್ರಲ್ಲಿ ಮಡಗು. ಇಲ್ಲಿ ಎಷ್ಟು ಗುಳ್ಗೆ ಬೇಕಾದ್ರೂ ಹಾಕ್ಕ" ಎಂದರು. ನೀನು ಈಗ ನೋಡುವ ಪಿಂಚಣಿ ಕಾಗದದ ಟ್ರಂಕು ಅದೇ. ವರದಿಯಲ್ಲಿ ಏನು ಬರೆದರೋ ನನಗೆ ತಿಳಿಯದು, ಕೆಲಸ ಖಾಯಂ ಆಯಿತು. ಅವರ ಡಾಕ್ಟರೇಟು ಮಾತ್ರ ಮೂರು ವರ್ಷ ತಡವಾಯಿತು. ಎಲ್ಲ ಅಳತೆಯನ್ನೂ ಹೊಸ ಗಾಜಿನ ಮೇಲೆ ಮತ್ತೆ ಮಾಡಿದೆವು. ಅಷ್ಟೂ ಗಾಜನ್ನು ನಾನೇ ತೊಳೆದೆ.

ಅಂದಿನಿಂದ ಬೀರು ಪುಸ್ತಕಕ್ಕೆ ಹೊಸ ಕಟ್ಟಳೆ ಬಂತು. ಲ್ಯಾಬಿಗೆ ಏನು ಬಂದರೂ ಬರೆಯಬೇಕು. ಫಿನಾಯಿಲ್ ಹಾಕಿ ನೆಲ ಒರೆಸಿದ್ದು, ಜಿರಲೆಗೆ ಮದ್ದು ಹೊಡೆದದ್ದು, ಕಿಟಕಿಗೆ ಹೊಸ ಬಣ್ಣ ಬಳಿದದ್ದು. ಪುಟ್ಟಸ್ವಾಮಿ ಬೀಡಿ ಸೇದಿ ಒಳಗೆ ಬಂದರೆ ಅದೂ ಸೇರುತ್ತಿತ್ತು. "ನನ್ನ ಬೀಡೀನೂ ಸರ್ಕಾರದ ದಾಖ್ಲೆಗೆ ಸೇರ್ಸ್ಬುಟ್ಯಲ್ಲ ತಾಯಿ" ಎಂದು ಅವರು ಗೊಣಗುತ್ತಿದ್ದರು. ನೀನೂ ಹೀಗೇ ಮಾಡು ಪಲ್ಲವಿ. ಪ್ರೀತಿಯಿಂದ ಇಟ್ಟದ್ದಾದರೂ ಬರೆ.

ನಾಲ್ಕೈದು ವರ್ಷದ ನಂತರದ ಇನ್ನೊಂದು ಸಂಗತಿ ಬರೆದು ಮುಗಿಸುತ್ತೇನೆ. ಗ್ಯಾಲ್ವನೋಮೀಟರನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಎತ್ತಿಡುತ್ತಿದ್ದೆ. ಬಿಗಿ ಹಾಕುವುದು ಮರೆತೆ. ಕೆಳಗಿಟ್ಟು ದೀಪ ಹಚ್ಚಿದರೆ ಪಟ್ಟಿಯ ಮೇಲೆ ಚುಕ್ಕೆ ಇಲ್ಲ. ಆ ಕೂದಲಿನಂಥ ತಂತಿ ಕಿತ್ತಿತ್ತು. ಅಂಥದು ಲ್ಯಾಬಿನಲ್ಲಿ ಒಂದೇ ಇದ್ದದ್ದು. ಮೇಷ್ಟ್ರು ಎದುರಿನ ದೊಡ್ಡ ಕೋಣೆಯಲ್ಲಿ ಪಾಠ ಮಾಡುತ್ತಿದ್ದರು.

ನಾನು ಕೈ ಒರೆಸಿಕೊಳ್ಳಲಿಲ್ಲ. ಸ್ಟೋರಿಗೆ ಹೋಗಲಿಲ್ಲ. ನೇರ ಆ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಅರವತ್ತು ಹುಡುಗರು ತಿರುಗಿ ನೋಡಿದರು. ಅಷ್ಟು ಜನರ ಮುಂದೆ ನಾನು ಬಾಯಿ ತೆರೆದದ್ದು ಬದುಕಿನಲ್ಲಿ ಅದೊಂದೇ ಸಲ.

"ಮೇಷ್ಟ್ರೆ, ಗ್ಯಾಲ್ವನೋಮೀಟರ್ ತಂತಿ ಕಿತ್ತೋಯ್ತು. ನನ್ನ ಕೈಲೇ. ಬಿಗಿ ಹಾಕ್ದೆ ಎತ್ತಿದೆ."

ಹುಡುಗರು ಜೋರಾಗಿ ನಕ್ಕರು. ಮೇಷ್ಟ್ರು ನಗಲಿಲ್ಲ. ಸೀಮೆಸುಣ್ಣ ಹಿಡಿದ ಕೈಯನ್ನು ಇಳಿಸಿ ಕೇಳಿದರು.

"ಎಷ್ಟೊತ್ತಾಯ್ತು?"

"ಈಗ್ಲೇ, ಮೇಷ್ಟ್ರೆ. ದೀಪ ಇನ್ನೂ ಆರ್ಸಿಲ್ಲ."

"ಸರಿ. ಓಗಿ ಆರ್ಸು, ಬತ್ತೀನಿ" ಎಂದು ಬೋರ್ಡಿನ ಕಡೆ ತಿರುಗಿ, ನಿಲ್ಲಿಸಿದ್ದ ಜಾಗದಿಂದಲೇ ಮತ್ತೆ ಬರೆಯತೊಡಗಿದರು.